ಹಾಳೆಗೆ ಚುಚ್ಚಿದ ಪಿನ್ನು

ತಾಲೀಮಿನ ನಡುವೆ, ನೆಟ್ಟಿ ರಾಗ ಹಾಕಿದ ಹಾಡನ್ನು ನಾಟಕದಿಂದ ಕೈಬಿಡಲು ನಿರ್ಮಾಪಕ ಹಾರ್ಗ್ರೋವ್ ವಾದ್ಯದವರ ಪುಸ್ತಕದಲ್ಲಿ ಆ ಎರಡು ಹಾಳೆಗಳನ್ನು ಸೇರಿಸಿ ಪಿನ್ನು ಚುಚ್ಚಿದ್ದೇ ತಡ, ಪರದೆಯ ಹಿಂದಿನಿಂದ ಶಿಳ್ಳೆ ಕೇಳಿತು. ಎಲ್ಲರೂ ಬೆಚ್ಚಿದರು. ರಂಗದ ಮೇಲೆ ಶಿಳ್ಳೆ ಹೊಡೆದರೆ ನಾಟಕ ಮುಳುಗಿತೆಂದೇ ನಾಟಕದವರ ನಂಬಿಕೆ. ಅದೂ ನಾಡಿದ್ದು ನ್ಯೂಯಾರ್ಕಿನಲ್ಲಿ ಮೊದಲ ಪ್ರದರ್ಶನ ಇರುವಾಗ! ನೆಟ್ಟಿ ಬೆಚ್ಚಿದ್ದು ಬೇರೆ ಕಾರಣಕ್ಕೆ. ಶಿಳ್ಳೆಯಲ್ಲಿ ಇದ್ದದ್ದು ಅವಳದೇ ಹಾಡು.

"ಯಾವನೋ ಅವನು?" ಹಾರ್ಗ್ರೋವ್ ಗುಡುಗಿದ.

ಪರದೆ ಎಳೆಯುವ ಮುದುಕ ಮ್ಯಾಗಿಲ್ ಟೋಪಿ ಕೈಯಲ್ಲಿ ಹಿಡಿದು ಈಚೆ ಬಂದ. "ತಪ್ಪಾಯ್ತು ಯಜಮಾನ್ರೇ. ಇಪ್ಪತ್ತು ವರ್ಷದಲ್ಲಿ ಒಂದಿನಾನೂ ಹಿಂಗ್ ಮಾಡಿದೋನಲ್ಲ. ಬಾಯಿಗೆ ಹೆಂಗ್ ಬಂತೋ ಗೊತ್ತಿಲ್ಲ."

ಹಾರ್ಗ್ರೋವ್ ನೆಟ್ಟಿಯ ಕಡೆ ತಿರುಗಿದ. "ಜನ ಮನೆಗೆ ಹೋಗ್ತಾ ಗುನುಗದ ಹಾಡು ನಂಗೆ ಬೇಡ ಅಂದೆ. ಅದಕ್ಕೆ ಈ ಮುದುಕನ್ನ ಎತ್ತಿಕಟ್ಟಿದೀಯಾ?"

"ದೇವರಾಣೆಗೂ ಇಲ್ಲ ಯಜಮಾನ್ರೇ," ಎಂದು ಮ್ಯಾಗಿಲ್ಲೇ ನಡುವೆ ಬಾಯಿ ಹಾಕಿದ.

"ನಡಿಯಯ್ಯಾ ಹೊರಗೆ. ಮೂರು ಸುತ್ತು ತಿರುಗಿ, ಬಾಗಿಲು ತಟ್ಟಿ, ಕೇಳ್ಕೊಂಡು ಒಳಗೆ ಬಾ. ದೋಷ ಹೋಗ್ಲಿ."

ಮುದುಕ ತಲೆ ತಗ್ಗಿಸಿಕೊಂಡು ಹೋದ. ಹಾರ್ಗ್ರೋವನ ಬೆರಳು ಪಿನ್ನಿನ ಮೇಲೇ ಇತ್ತು. ಕೊನೆಗೆ ಬಾಗಿಲು ತಟ್ಟಿದ ಸದ್ದು ಬಂತು. ಎರಡು ಪೆಟ್ಟು ಮೆಲ್ಲಗೆ, ಮೂರು ಬಿರುಸಾಗಿ, ಮತ್ತೊಂದು ಸ್ವಲ್ಪ ತಡೆದು. ನೆಟ್ಟಿಯ ಹಾಡಿನ ಮೊದಲ ಸಾಲಿನ ತಾಳ. ತಟ್ಟುತ್ತಿದ್ದವನಿಗೆ ಅದರ ಪರಿವೆಯೇ ಇದ್ದಂತಿರಲಿಲ್ಲ.

ಹಾರ್ಗ್ರೋವ್ ಹಲ್ಲು ಕಚ್ಚಿ ಪಿನ್ನು ಕಿತ್ತ.