ಚೀಲದೊಳಗಿನ ಕೈ

ತನ್ನ ತೋಟದಲ್ಲಿ ಹಳೆಯ ದ್ರಾಕ್ಷಿ ಬೇರುಗಳನ್ನು ಕೀಳುತ್ತಿದ್ದ ಯಂತ್ರವನ್ನು ಕೂಗಿ ನಿಲ್ಲಿಸಿದ ಸೋಲಾಂಜ್, ಡ್ರೈವರನನ್ನು ಮನೆಗೆ ಕಳಿಸಿ ಉರ್ಬೆನ್‌ಗೆ ಫೋನ್ ಮಾಡಿದಳು. "ನಿನ್ನ ಕಾಲದವರು ಸಿಕ್ಕಿದಾರೆ ಕಣಯ್ಯಾ. ಬೇಗ ಬಾ. ನಿನ್ನ ಆ ಹಾಳು ಭೂತಗನ್ನಡೀನೂ ತಗೊಂಡು ಬಾ."

ಉರ್ಬೆನ್ ಊರಿನ ಹಳೆಯ ಕ್ಷೌರಿಕ. ಎಂಟುನೂರು ವರ್ಷದ ಹಿಂದೆ ಪೋಪನ ಮಾತು ಕೇಳಿ ಶಿಲುಬೆ ತೊಟ್ಟ ದಂಡೊಂದು ಈ ಸೀಮೆಯ ಮೇಲೆ ಬಿದ್ದು, ಪಂಥ ಬೇರೆಯೆಂದು ಜನರನ್ನು ಸುಟ್ಟಿತ್ತಲ್ಲ, ಆಗ ಇಲ್ಲಿನ ಪಾಳೆಯಗಾರರು ಟಂಕಿಸಿದ್ದ ಪುಟ್ಟ ಬೆಳ್ಳಿಯ ದೆನಿಯೆ ನಾಣ್ಯಗಳೆಂದರೆ ಅವನಿಗೆ ಹುಚ್ಚು. ಮದುವೆಯಾಗಿದ್ದರೆ ಹೆಂಡತಿಗೆ ಸಲ್ಲಬೇಕಿದ್ದ ಭಾನುವಾರಗಳನ್ನೆಲ್ಲ ಅವಕ್ಕೇ ಕೊಟ್ಟಿದ್ದ.

ಗುಂಡಿಯಲ್ಲಿ ಒಬ್ಬ ಹೆಂಗಸು ಮಗ್ಗುಲಾಗಿ ಮಲಗಿದ್ದಳು. ಅವಳ ಒಡಲಿಗೆ ಒತ್ತಿಕೊಂಡು ಒಂದು ಮಗು. ಉಳಿದಿದ್ದು ಮೂಳೆಗಳಷ್ಟೇ. ಸೊಂಟದ ಬಳಿ ಹಸಿರುಗಟ್ಟಿದ ಮುದ್ದೆಯೊಂದಿತ್ತು. ಚೀಲ ಎಂದೋ ಕೊಳೆತುಹೋಗಿ, ದೆನಿಯೆಗಳು ಒಂದಕ್ಕೊಂದು ಕಚ್ಚಿಕೊಂಡು ಚೀಲದ ಆಕಾರದಲ್ಲೇ ಉಳಿದಿದ್ದವು. ಉರ್ಬೆನ್ ಭೂತಗನ್ನಡಿ ಹಿಡಿದು ಬಗ್ಗಿದ. ಮುದ್ದೆಯೊಳಗಿಂದ ಬೆಂಕಿಕಡ್ಡಿಯಂಥ ಮೂಳೆಗಳು ಹೊರಚಾಚಿದ್ದವು.

"ಮಗು ಅಮ್ಮನ ಚೀಲದೊಳಗೆ ಕೈ ಇಟ್ಕೊಂಡೇ ಹೋಗಿದೆ, ಸೋಲಾಂಜ್."

"ನನ್ನ ಪೋಲೆಟ್ ಹಾಗೇ ಮಾಡ್ತಿದ್ಲು. ಸಂತೇಲಿ ನನ್ನ ಜೇಬಿಂದ ಕೈ ತೆಗೀತಾನೇ ಇರ್ಲಿಲ್ಲ." ಪೋಲೆಟ್ ಇನ್ನೂ ಶಾಲೆಗೆ ಸೇರುವ ಮೊದಲೇ ಜ್ವರದಲ್ಲಿ ತೀರಿಕೊಂಡ ಮಗಳು. ಅವಳ ಹೆಸರನ್ನು ಸೋಲಾಂಜ್ ಬಾಯಲ್ಲಿ ಉರ್ಬೆನ್ ಕೇಳಿ ಎಷ್ಟೋ ಕಾಲವಾಗಿತ್ತು. "ಇವರು ನಮ್ಮವರೋ, ಆ ಪಂಥದವರೋ?"

"ಮೂಳೆ ನೋಡಿದ್ರೆ ಹೇಗೆ ಗೊತ್ತಾಗುತ್ತೆ? ಕೊಂದೋರಿಗೂ ಗೊತ್ತಿರ್ಲಿಲ್ಲ."

"ಹಾಗಾದ್ರೆ ಮುಚ್ಚಿಬಿಡೋಣ. ನಾನೊಂದು ಪ್ರಾರ್ಥನೆ ಹೇಳ್ತೀನಿ. ಈ ಜಾಗದಲ್ಲಿ ಬಳ್ಳಿ ನೆಡೋದು ಬೇಡ."

"ಹಾಗೆಲ್ಲ ಮುಚ್ಚೋ ಹಾಗಿಲ್ಲ ಮಾರಾಯ್ತಿ, ಕಾನೂನಿದೆ. ಮ್ಯೂಸಿಯಮ್ಮಿನವರು ಇವರನ್ನ ಜೋಪಾನವಾಗಿ ಇಡ್ತಾರೆ."

"ಒಟ್ಟಿಗೇ ತಾನೆ?"

"ಒಟ್ಟಿಗೇ."

ಕಾನೂನು ನಿಜವೇ. ಆದರೆ ಆ ನಾಣ್ಯಗಳ ಮುಖ ನೋಡುವ ಆಸೆ ಕಾನೂನಿಗಿಂತ ದೊಡ್ಡದಾಗಿತ್ತೆಂಬುದು ಅವನೊಬ್ಬನಿಗೇ ಗೊತ್ತಿತ್ತು.

ಮರುವರ್ಷ ಮ್ಯೂಸಿಯಮ್ಮಿನಿಂದ ಕರೆ ಬಂತು. ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದ ಸೋಲಾಂಜ್ ಹೋಗುವಂತಿರಲಿಲ್ಲ. ಉರ್ಬೆನ್ ಒಬ್ಬನೇ ಹೋದ. ಗಾಜಿನ ಪೆಟ್ಟಿಗೆಯಲ್ಲಿ, ಕಪ್ಪು ಮಖಮಲ್ಲಿನ ಮೇಲೆ ದೆನಿಯೆಗಳು ಬಿಡಿಬಿಡಿಯಾಗಿ ಹೊಳೆಯುತ್ತಿದ್ದವು. ಅವುಗಳಲ್ಲೊಂದರ ಅಚ್ಚು ಅವನು ಜನ್ಮದಲ್ಲಿ ಕಂಡಿರಲಿಲ್ಲ, ಯಾವ ಪುಸ್ತಕದಲ್ಲೂ ಇರಲಿಲ್ಲ. ಗಾಜಿಗೆ ಮೂಗು ತಾಗಿಸಿ ನಿಂತುಬಿಟ್ಟ. ಎಲ್ಲವನ್ನೂ ಕಣ್ತುಂಬ ನೋಡಿದ ಮೇಲೆಯೇ ಅವನಿಗೆ ಉಳಿದದ್ದು ನೆನಪಾದದ್ದು.

"ಕೈ ಎಲ್ಲಿದೆಯಮ್ಮಾ?"

"ಮುದ್ದೆ ಬಿಡಿಸೋವಾಗ ಅದು ಪುಡಿಯಾಯ್ತು, ಸ್ವಾಮಿ," ಎಂದಳು ಅಲ್ಲಿನ ಅಧಿಕಾರಿ, ಬೇಸರದಿಂದಲೇ. "ಉಳಿದ ಮೂಳೆಗಳು ಪರೀಕ್ಷೆಗೆ ಹೋಗಿವೆ. ದೊಡ್ಡವರದು ಒಂದು ಊರಿಗೆ, ಮಕ್ಕಳದು ಇನ್ನೊಂದಕ್ಕೆ."

ಊರಿಗೆ ಬಂದವನು ಸೀದಾ ಸೋಲಾಂಜ್ ಮನೆಗೆ ಹೋಗಿ ಹಾಸಿಗೆಯ ಪಕ್ಕ ಕೂತ. ನಾಣ್ಯಗಳ ವಿಷಯ ಅವಳು ಕೇಳಲೇ ಇಲ್ಲ.

"ಒಟ್ಟಿಗೇ ಇಟ್ಟಿದಾರಾ?"

ಉರ್ಬೆನ್ ಅವಳ ಹೊದಿಕೆಯನ್ನು ಸರಿಮಾಡಿದ. "ಹೂಂ. ಗಾಜಿನ ಪೆಟ್ಟಿಗೇಲಿ ಒಟ್ಟಿಗೇ ಇದಾರೆ. ಕೈ ಕೂಡ ಹಾಗೇ ಇದೆ."

ಸೋಲಾಂಜ್ ಸಮಾಧಾನದಿಂದ ಕಣ್ಣು ಮುಚ್ಚಿದಳು. ನಿದ್ದೆ ಹೋದಳೇನೋ ಎಂದು ಅವನು ಏಳುವಷ್ಟರಲ್ಲಿ ಕೇಳಿದಳು:

"ಗಾಜಿನೊಳಗೆ ಮಗೂಗೆ ಚಳಿ ಆಗಲ್ಲ ಅಲ್ವಾ?"