ವಾಪಸು ಹೋಗದ ರಿವಾಲ್ವರ್

ಕಪಾಟಿನ ಹಿಂಬದಿಯಿಂದ ಆ ಪುಟ್ಟ ರಿವಾಲ್ವರಿನ ಡಬ್ಬಿ ಹೊರಬಂದಾಗ ಬೀರಾನ್ ಒಂದು ಹೆಜ್ಜೆ ಹಿಂದೆ ಸರಿದ. ದೋಷವಿದೆ, ವಾಪಸು ಕಳಿಸಿ ಎಂದು ಅದನ್ನು ತಯಾರಿಸಿದ ಕಂಪೆನಿ ಬರೆದು ಆರು ವರ್ಷವಾಗಿತ್ತು. ಕುವೈತಿನ ಫಹಾಹೀಲಿನ ಆ ಮನೆಯಲ್ಲಿ, ತನ್ನನ್ನು ಕೆಲಸಕ್ಕೆ ಕರೆಸಿಕೊಂಡ ಯಜಮಾನ ಕಫೀಲ್‌ರ ಬಂದೂಕು ಸಂಗ್ರಹ ನೋಡಿಕೊಳ್ಳುತ್ತಿದ್ದ ಬೀರಾನ್, ಕಳಿಸುವುದನ್ನು ಮರೆತೇಬಿಟ್ಟಿದ್ದ.

ಬೆಲೆ ಕಟ್ಟಲು ಬಂದಿದ್ದ ಲೆಬನಾನಿನ ಮುದುಕ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. "ಎಲ್ಲರೂ ವಾಪಸು ಕೊಟ್ಟರು, ಕಂಪೆನಿ ಕರಗಿಸಿಬಿಟ್ಟಿತು. ಉಳಿದಿರುವುದು ಬೆರಳೆಣಿಕೆಯಷ್ಟು. ನಿಮ್ಮ ಬೇರೆಲ್ಲ ಬಂದೂಕು ಸೇರಿದರೂ ಇದರ ಬೆಲೆಗೆ ಸಾಟಿಯಾಗದು," ಎಂದ.

ಕಫೀಲ್ ಬೀರಾನನತ್ತ ತಿರುಗಿದರು. "ನೀನು ಇದನ್ನು ಕಳಿಸಲಿಲ್ಲವೇ?"

"ಇಲ್ಲ ಬಾಬಾ. ಮರೆತುಹೋಯಿತು."

ಕಫೀಲ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಹದಿನೆಂಟು ವರ್ಷ ಬಾಗಿಲ ಬಳಿಯೇ ನಿಂತಿರುತ್ತಿದ್ದ ಬೀರಾನನನ್ನು ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು, ತಾವೇ ಅವನಿಗೆ ಗಹ್ವಾ ಕಾಫಿ ಬಗ್ಗಿಸಿ ಕೊಟ್ಟರು.