ತಡವಾಗಿ ಬಂದ ಜೆಟ್‌ಗಳು

ಕಣಗಳನ್ನು ಡಿಕ್ಕಿ ಹೊಡೆಸುವ ಆ ದೊಡ್ಡ ಯಂತ್ರದಲ್ಲಿ, ಸಿಡಿದು ಗುಂಪಾಗಿ ಚಿಮ್ಮುವ ಕಣಗಳ ಜೆಟ್‌ಗಳು ಅವನ್ನು ಗುರುತಿಸುವ ಡಿಟೆಕ್ಟರ್ ತಲುಪುವ ಹೊತ್ತನ್ನು ಅಳೆಯುವುದು ಹನುಮೇಶನ ಕೆಲಸವಾಗಿತ್ತು. ಕೆಲವು ಜೆಟ್‌ಗಳು ಚೂರು ತಡವಾಗಿ ಬರುತ್ತಿವೆ, ತಡೆದು ಸಿಡಿಯುವ ಯಾವುದೋ ಹೊಸ ಕಣ ಇರಬಹುದು ಎಂದು ಅವನು ಹೇಳಿದಾಗ, ತಂಡದ ಮುಖ್ಯಸ್ಥೆ ಮಂದಾಕಿನಿ ಎಲ್ಲರೆದುರೇ ಗದರಿದ್ದರು.

"ಹೊಸ ಕಣವೂ ಇಲ್ಲ, ಏನೂ ಇಲ್ಲ. ನಿನ್ನ ಗಡಿಯಾರ ಕೆಟ್ಟಿದೆ."

ಅವನು ತನ್ನ ಕಾಗದಗಳನ್ನು ಎತ್ತಿಕೊಂಡು ಹೊರಟ. ಮುಂದಿನ ವರ್ಷ ಯಂತ್ರವನ್ನು ದುರಸ್ತಿಗೆ ನಿಲ್ಲಿಸಿದಾಗ, ಸಂಶೋಧನೆಯನ್ನೇ ಬಿಟ್ಟು ಸಿಂಧನೂರಿನ ಕಾಲೇಜಿನಲ್ಲಿ ಪಾಠಕ್ಕೆ ಸೇರಿಕೊಂಡ.

ದುರಸ್ತಿಯ ವೇಳೆ ಪರೀಕ್ಷಿಸಿ ನೋಡಿದರೆ ಅವನ ಗಡಿಯಾರ ಸರಿಯಾಗಿಯೇ ಇತ್ತು. ಅಂದು ಒಮ್ಮೆಯಾದರೂ ನೋಡಿ ಮಾತಾಡಬೇಕಿತ್ತು ಎಂದು ಮಂದಾಕಿನಿಯವರನ್ನು ಮನಸ್ಸು ಚುಚ್ಚತೊಡಗಿತು. ಫೋನ್ ಮಾಡಿದರು.

"ತಪ್ಪಾಯ್ತಪ್ಪ ಹನುಮೇಶ. ನೋಡದೇನೇ ಬೈದುಬಿಟ್ಟೆ. ನೀನು ಹೇಳಿದ್ದೇ ನಿಜ."

"ಇರ್ಲಿ ಬಿಡ್ರಿ ಮೇಡಂ."

"ಇಲ್ಲ, ನೀನು ವಾಪಸ್ ಬಾ. ಆಗ ತೋರಿಸಿದ ನಾಲ್ಕಾರು ಜೆಟ್ ಸಾಕಾಗಲ್ಲ, ಆದ್ರೆ ಆಮೇಲೆ ವರ್ಷವಿಡೀ ಯಂತ್ರ ಓಡಿದೆಯಲ್ಲ? ಅದ್ರಲ್ಲಿ ಎಷ್ಟೋ ಸಿಗುತ್ತೆ. ಇಬ್ಬರೂ ಕೂತು ಹುಡುಕೋಣ. ನಿನ್ನ ಹೆಸರೇ ಮೊದಲು."



"ಹುಡುಕಿದ್ರ ಸಿಗಂಗಿಲ್ರಿ ಮೇಡಂ. ನೀವು ಬೈದ ಮರುದಿನಾನ, ತಡವಾಗಿ ಬಂದದ್ದು ಒಂದೂ ರೆಕಾರ್ಡ್ ಆಗಬಾರದು ಅಂತ ನಾನೇ ಯಂತ್ರಕ್ಕ ಸೆಟ್ ಮಾಡಿಬಿಟ್ಟಿದ್ದೆ."